ರಥದಲ್ಲಿ ಜೊತೆಗೂಡಿ ಕುಳಿತವನು

ಯೆರೂಸಲೇಮಿನಿಂದ ಗಾಜಕ್ಕೆ ಇಳಿಯುವ ನಿರ್ಜನವಾದ ದಾರಿಯಲ್ಲಿ ಐಥಿಯೋಪ್ಯದ ಕಂಚುಕಿಯೊಬ್ಬನು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದನಷ್ಟೆ. ಓಡಿಬಂದ ಫಿಲಿಪ್ಪನು ಒಡನೆಯೇ ಬೋಧಿಸತೊಡಗಲಿಲ್ಲ; ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ವಿಚಾರಿಸಿದನು. ಕಂಚುಕಿಯು ಕರೆದ ಮೇಲೆಯೇ ರಥವನ್ನೇರಿ ಪಕ್ಕದಲ್ಲಿ ಕುಳಿತನು. ನಮ್ಮ ರಾಜಾಜಿನಗರದ ಬೀದಿಗಳಲ್ಲಿ ಎದುರಾದವರ ಕೈಗೆ ಕರಪತ್ರವನ್ನು ತುರುಕಿ, ಮುಖವನ್ನೂ ನೋಡದೆ ಸಾಗುವ ಉತ್ಸಾಹಿ ತರುಣರು ಈ ಕ್ರಮವನ್ನು ಲಕ್ಷಿಸಬೇಕು.

1853ರಲ್ಲಿ ಬಂದ ಕಿಟ್ಟೆಲ್ ಪಂಡಿತರಾದರೋ ಈ ನಾಡಿನವರ ಗ್ರಂಥಗಳನ್ನೇ ಓದಲು ಕುಳಿತರು: 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು, 1894ರಲ್ಲಿ ಆ ಮಹಾನಿಘಂಟು! ಇದರಿಂದ ಸುವಾರ್ತೆಯ ಕಾಲ ವ್ಯರ್ಥವಾಯಿತೆಂದು ಕೆಲವು ಮಿತ್ರರು ಹೇಳುವರು. ನಮಗೆ ಹಾಗೆ ತೋರದು. ಬಸವೇಶ್ವರನಗರದ ನೆರೆಯವರು ವಚನವನ್ನು ಓದುತ್ತಿರುವಾಗ ಕೇಳುವ ವ್ಯವಧಾನವಿಲ್ಲದವನಿಗೆ ಅವರು ರಥದಲ್ಲಿ ಸ್ಥಳವನ್ನೇಕೆ ಕೊಟ್ಟಾರು?