ಬಂಡೆಯಿಂದ ಬಂಡೆಗೆ, ಮಾಗಿಯ ನಡಿಗೆ

ಲಾಲ್‌ಬಾಗಿನ ಬಂಡೆ ಇನ್ನೂ ತಣ್ಣಗಿದೆ. ಶಾಲು, ಮಂಕಿ ಟೋಪಿ, ಮಫ್ಲರುಗಳಲ್ಲಿ ಹುದುಗಿದ ನಮ್ಮ ನಡಿಗೆಯ ಬಳಗ ಒಬ್ಬರ ಹಿಂದೊಬ್ಬರು ಏರು ಹತ್ತುತ್ತಿದೆ. ಕೆರೆಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಗಾಜಿನ ಮನೆಯ ಕಡೆಯಿಂದ ಕೋಗಿಲೆಗಳ ಗದ್ದಲ, ಒದ್ದೆ ಎಲೆಯ ವಾಸನೆ. ಕೆಂಪೇಗೌಡನ ಗೋಪುರದ ಹತ್ತಿರ ಬಂದಾಗ ನಿವೃತ್ತ ಭೂವಿಜ್ಞಾನದ ಮೇಷ್ಟ್ರು ಮೊಣಕಾಲೂರಿ ಕೂರುತ್ತಾರೆ. “ಕೈಯಿಟ್ಟು ನೋಡಿ” ಅನ್ನುತ್ತಾರೆ. ಬೂದು, ಬಿಳಿ, ಕಪ್ಪು ಪಟ್ಟೆಗಳು ಬಂಡೆಯ ಮೈಮೇಲೆ ಬಳುಕಿ ಹೋಗಿವೆ. ಒಂದು ಕಾಲಕ್ಕೆ ಭೂಮಿಯ ಆಳದ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡ ಈ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ! 1760ರಲ್ಲಿ ಹೈದರಾಲಿ ತೋಟ ಹಾಕಿಸಿದ್ದು ಇದರ ಮಗ್ಗುಲಲ್ಲೇ. ಅಷ್ಟರಲ್ಲಿ ಸೂರ್ಯ ಬರುತ್ತಾನೆ. ಕಲ್ಲಿನೊಳಗಿನ ಅಭ್ರಕ ಕಿಡಿಕಿಡಿಯಾಗಿ ಮಿನುಗುತ್ತದೆ. ಅಂಗೈಯನ್ನು ಎತ್ತಲು ನನಗೆ ಮನಸ್ಸೇ ಬರುವುದಿಲ್ಲ.

ಪಶ್ಚಿಮದ ಗೇಟು ದಾಟಿ ಬಸವನಗುಡಿಯತ್ತ. ಬೀದಿಯ ನೆತ್ತಿಯ ಮೇಲೆ ಎಲೆಗಿಂತ ಹೂವೇ ಹೆಚ್ಚಾದ ಟಬೆಬುಯಾ ಮರಗಳು ತಿಳಿಗುಲಾಬಿಯಲ್ಲಿ ನಿಂತಿವೆ. ವರ್ಷದುದ್ದಕ್ಕೂ ಒಂದಾದ ಮೇಲೊಂದು ಮರ ಹೂಬಿಡುವಂತೆ ಈ ಊರಿನ ಬೀದಿಗಳನ್ನು ಕಲ್ಪಿಸಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್ ನೆನಪಾಗುತ್ತಾರೆ. ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕುಚ್ಚು, ಕನಕಾಂಬರದ ಮೊಳ, ಫುಟ್‌ಪಾತಿನ ಗೋಣಿತಾಟಿನ ಮೇಲೆ ಅವರೆಕಾಯಿಯ ರಾಶಿ. ಅದರ ಸೊಗಡು ಕಾಫಿಯ ವಾಸನೆಯನ್ನೂ ಹಿಂದೆ ಹಾಕುತ್ತದೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದಿದೆ, ಆದರೂ ದೊಡ್ಡ ಬಸವಣ್ಣನ ಗುಡಿಯ ಮುಂದೆ ಹುರಿದ ಕಡಲೆಕಾಯಿ ಸಿಗುತ್ತದೆ. ಪಕ್ಕದ ಕಹಳೆ ಬಂಡೆಯ ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ಜಗಳವಾಡುತ್ತಿವೆ. ಇದೂ ಅದೇ ಶಿಲೆ. ಬಸ್ಸು, ಆಟೋ, ಹೂವಿನಂಗಡಿ ಎಲ್ಲದರ ಕೆಳಗೂ ಇದು ಹಬ್ಬಿಕೊಂಡಿದೆ. ಎಲ್ಲೋ ಒಂದೆರಡು ಕಡೆ ಮಾತ್ರ ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ.

ಮುಂದಿನ ಭಾನುವಾರ ನಾವು ಮಾಗಡಿ ಸೀಮೆಯಲ್ಲಿ. ಬಸ್ಸಿಳಿದು ಹೊಲದ ಬದುವಿಗೆ ಕಾಲಿಟ್ಟರೆ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. ರಾಗಿ ಕೊಯ್ಲಾಗಿದೆ; ಅಕ್ಕಡಿ ಸಾಲಿನ ಅವರೆ, ತೊಗರಿ ಮಾತ್ರ ಹಸಿರಾಗಿ ಉಳಿದಿವೆ. ಕಣದ ಪಕ್ಕ ಮೆದೆ ಒಟ್ಟುತ್ತಿರುವ ಅಜ್ಜಿಯೊಬ್ಬರು ನಮ್ಮ ಸಾಲನ್ನು ನೋಡಿ ಕೈ ನಿಲ್ಲಿಸುತ್ತಾರೆ.

“ಇಷ್ಟ್ ಜನ ಎಲ್ಲಿಗ್ ಹೊಂಟ್ರವ್ವಾ?”

“ಸುಮ್ನೆ ನಡೆಯೋಕೆ ಬಂದ್ವಿ ಅಜ್ಜಿ.”

“ಸುಮ್ನೆ ಯಾರಾನ ನಡೀತಾರಾ? ಬನ್ನಿ, ಕಾಯಿ ಬೇಯ್ಸಿವ್ನಿ, ತಿಂದ್ಕಂಡ್ ಹೋಗಿ.”

ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ ಕೈಯಿಂದ ಕೈಗೆ ದಾಟುತ್ತದೆ. ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತ ಆಕೆಯ ದನದ ಕೊಟ್ಟಿಗೆಯನ್ನು ನೋಡುತ್ತೇನೆ: ಗೋಡೆಯೆಲ್ಲ ನಿಲ್ಲಿಸಿದ ಕಲ್ಲುಚಪ್ಪಡಿ. ಬೆಂಗಳೂರಿನ ಸುತ್ತ ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಮೇಲಿನ ಪದರ ಸಡಿಲವಾಗಿ ಎದ್ದಮೇಲೆ ಅದನ್ನು ಸೀಳಿ ಚಪ್ಪಡಿ ತೆಗೆಯುವ ಹಳೆಯ ಕಸುಬೊಂದಿತ್ತು. ಕಲ್ಲಿನೊಳಗೆ ಪದರ ಎಲ್ಲಿದೆಯೆಂದು ಸುತ್ತಿಗೆಯ ಸದ್ದಿನಲ್ಲೇ ಕೇಳಿಸಿಕೊಳ್ಳುತ್ತಿದ್ದ ಆ ಕೈಗಳಿಗೆ ನಾನು ಯಾವ ವಿದ್ವಾಂಸರಿಗೂ ಕಡಿಮೆಯಿಲ್ಲದ ಗೌರವ ಕೊಡುತ್ತೇನೆ.

ಕುರುಚಲು ಕಾಡು ಮುಗಿದೊಡನೆ ಸಾವನದುರ್ಗ ಎದುರಿಗೆ ಎದ್ದು ನಿಲ್ಲುತ್ತದೆ. ಸಮುದ್ರ ಮಟ್ಟದಿಂದ 1226 ಮೀಟರ್. ಮಳೆನೀರು ಇಳಿದ ಕಪ್ಪು ಗೀರುಗಳು ಕರಿಗುಡ್ಡದ ಮೈತುಂಬ. ತಲೆ ಹಿಂದಕ್ಕೆ ಬಾಗಿಸಿದರೂ ನೆತ್ತಿ ಕಾಣದು. ಮೇಷ್ಟ್ರು ಮತ್ತೆ ಕೂರುತ್ತಾರೆ. ಇಲ್ಲಿ ಪಟ್ಟೆಗಳಿಲ್ಲ, ದಪ್ಪ ಗುಲಾಬಿ ಹರಳುಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾಪಾಕ ಹಳೆಯ ನೈಸಿನೊಳಗೆ ನುಗ್ಗಿ, ನಿಧಾನವಾಗಿ ಆರಿ ಹರಳುಗಟ್ಟಿದ್ದು. ರಾಮನಗರದ ಹಳೆಯ ಹೆಸರಿನಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅಂದರೆ, ಲಾಲ್‌ಬಾಗಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಾವು ಐವತ್ತು ಕೋಟಿ ವರ್ಷ ದಾಟಿದ್ದೇವೆ, ಅವರೆಕಾಯಿ ತಿನ್ನುತ್ತ!

ಅಂಗಾಲಿಗೆ ಬಂಡೆ ಒರಟಾಗಿ ತಗುಲುತ್ತದೆ. ಕೋಟೆಯ ಮುರುಕು ಗೋಡೆಯ ಬಳಿ ಉಸಿರು ತೆಗೆದುಕೊಳ್ಳುತ್ತೇವೆ. ಟಿಪ್ಪುವಿನ ಕಾವಲಿನಲ್ಲಿದ್ದ ಈ ದುರ್ಗವನ್ನು ಕಾರ್ನ್‌ವಾಲಿಸನ ಸೇನೆ ಗೆದ್ದದ್ದು ಇಂಥದೇ ಚಳಿಯಲ್ಲಿ, 1791ರ ಡಿಸೆಂಬರಿನಲ್ಲಿ. ಫಿರಂಗಿಗಳನ್ನು ಈ ಕಾಡಿನಲ್ಲಿ ಎಳೆದು ತಂದವರ ಬೆನ್ನುಗಳನ್ನು ಊಹಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಗಾಳಿ ಜೋರಾಗಿದೆ, ದೂರದಲ್ಲಿ ಮಂಚನಬೆಲೆಯ ನೀರು ನೀಲಿ.

ಇಳಿದ ಮೇಲೆ ವೀರಭದ್ರಸ್ವಾಮಿ ಗುಡಿಯ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿಗಳು ತೆರೆಯುತ್ತವೆ, ಜೊತೆಗೆ ಮುಂದಿನ ಭಾನುವಾರದ ಚರ್ಚೆ. ಒಬ್ಬರಿಗೆ ನಂದಿಬೆಟ್ಟ ಬೇಕು, ಇನ್ನೊಬ್ಬರಿಗೆ ದೇವರಾಯನದುರ್ಗ. ಮೇಷ್ಟ್ರು ಬೇಗೂರು ಅನ್ನುತ್ತಾರೆ: ನಾಗೇಶ್ವರ ಗುಡಿಯ ಆವರಣದಲ್ಲಿ ಬೆಂಗಳೂರಿನ ಕಾಳಗವನ್ನು ಹೇಳುವ 9ನೇ ಶತಮಾನದ ವೀರಗಲ್ಲಿದೆ, ಅದನ್ನು ನೋಡದೆ ಈ ಊರಿನ ಕಲ್ಲು ನೋಡಿದೆವು ಅನ್ನುವಂತಿಲ್ಲ. ಯಾರೂ ಎದುರಾಡುವುದಿಲ್ಲ. ಬೆಳಿಗ್ಗೆ ಆರೂವರೆಗೆ, ಬೇಗೂರು ಕೆರೆಯ ಏರಿಯ ಮೇಲೆ.