ಸೈಕಲ್ಲಿನ ಮೇಲೆ ಕುಳಿತುಕೊಳ್ಳುವ ಬಗೆ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರಿಗೆ ಸೈಕಲ್ ಬರುತ್ತದೆ? ಒಳಪೆಡಲು ಹೊಡೆಯುವವರೂ ಕೈ ಎತ್ತಬಹುದು. ನಾನು ಕಲಿತದ್ದೂ ಹಾಗೆಯೇ. ಅಪ್ಪನ ಸೈಕಲ್ ನನಗೆ ತುಂಬ ದೊಡ್ಡದು. ಬಲಗಾಲನ್ನು ಬಾರಿನ ಕೆಳಗೆ ತೂರಿಸಿ, ಸೊಂಟ ವಾಲಿಸಿ ತುಳಿಯುತ್ತಿದ್ದೆ. ಸೀಟಿನ ಮೇಲೆ ಕುಳಿತದ್ದು ಎಷ್ಟೋ ದಿನಗಳ ಮೇಲೆ.

ನಮ್ಮೂರು ಹಾಸನೂರು. ಬಣ್ಣಾರಿಯಿಂದ 27 ತಿರುವುಗಳ ದಿಂಬಂ ಘಟ್ಟ ಹತ್ತಿ ಬಂದರೆ ಸಿಗುವ ಊರು. ಇಲ್ಲಿಂದ ರಸ್ತೆ ಕಾಡಿನ ನಡುವೆ ಸಾಗಿ ಚಾಮರಾಜನಗರಕ್ಕೆ ಹೋಗುತ್ತದೆ. ಈ ಕಾಡು 2013ರಲ್ಲಿ ಹುಲಿ ಸಂರಕ್ಷಣಾ ಪ್ರದೇಶವಾಯಿತು. ನಾನು ಹೇಳುವ ಸಂಗತಿ ಅದಕ್ಕೂ ಬಹಳ ಹಿಂದಿನದು. ಆದರೆ ಆನೆಗಳು ಆಗಲೂ ಇದ್ದವು.

ನಾನು ಆಗ ಒಂಬತ್ತನೆಯ ತರಗತಿಯಲ್ಲಿದ್ದೆ. ಒಂದು ದಿನ ಅಂಗಡಿಯಿಂದ ಕಡಲೆಕಾಯಿ ತಂದೆ. ಪೊಟ್ಟಣದ ಕಾಗದ ಬಿಚ್ಚಿದಾಗ ಅದರಲ್ಲೊಂದು ಚಿತ್ರವಿತ್ತು. ಒಬ್ಬ ಸವಾರ ಸೈಕಲ್ಲಿನ ಮೇಲೆ ಬಾಗಿ ಕುಳಿತಿದ್ದ. ಅವನ ಮೊಣಕೈಗಳು ಹ್ಯಾಂಡಲಿನ ಮೇಲೆ ಒರಗಿದ್ದವು. ಎರಡು ಕೈಗಳೂ ಒಟ್ಟಾಗಿ ಮುಂದಕ್ಕೆ ಚಾಚಿದ್ದವು. ಕೈ ಮುಗಿದು ಹಾರುತ್ತಿರುವಂತೆ ಕಂಡಿತು.

ಅವನಾರೆಂದು ಆಗ ನನಗೆ ತಿಳಿಯದು. ಆತ ಅಮೆರಿಕದ ಗ್ರೆಗ್ ಲೆಮಾಂಡ್. ಫ್ರಾನ್ಸ್ ದೇಶದಲ್ಲಿ ಪ್ರತಿವರ್ಷ ದೊಡ್ಡ ಸೈಕಲ್ ಸ್ಪರ್ಧೆ ನಡೆಯುತ್ತದೆ. 1989ರಲ್ಲಿ ಅದರ ಕೊನೆಯ ದಿನ ಟೈಮ್ ಟ್ರಯಲ್ ಇತ್ತು. ಟೈಮ್ ಟ್ರಯಲ್ ಎಂದರೆ ಎಲ್ಲರೂ ಒಟ್ಟಿಗೆ ಓಡುವ ಸ್ಪರ್ಧೆಯಲ್ಲ. ಒಬ್ಬೊಬ್ಬರೇ ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಹೊರಡುತ್ತಾರೆ. ಯಾರು ಕಡಿಮೆ ಸಮಯದಲ್ಲಿ ತಲುಪುತ್ತಾರೋ ಅವರು ಗೆದ್ದಂತೆ. ಅಂದು 24.5 ಕಿಲೋಮೀಟರ್ ದೂರ ಹೋಗಬೇಕಿತ್ತು. ಫ್ರಾನ್ಸಿನ ಲೋರಾನ್ ಫಿನ್ಯೊನ್ ಅವರು ಲೆಮಾಂಡ್‌ಗಿಂತ 50 ಸೆಕೆಂಡು ಮುಂದಿದ್ದರು. ಲೆಮಾಂಡ್ ತಮ್ಮ ಸೈಕಲ್ಲಿಗೆ ಹೊಸ ಬಗೆಯ ಹ್ಯಾಂಡಲ್ ಹಾಕಿಸಿದ್ದರು. ಫಿನ್ಯೊನ್ ಹಾಕಿಸಿರಲಿಲ್ಲ. ಮೂರು ವಾರಗಳ ಆ ಸ್ಪರ್ಧೆಯನ್ನು ಲೆಮಾಂಡ್ ಕೇವಲ 8 ಸೆಕೆಂಡುಗಳಿಂದ ಗೆದ್ದರು!

ಎದುರುಗಾಳಿ ಬೀಸುವಾಗ ಕೊಡೆ ಬಿಚ್ಚಿ ನಡೆದಿದ್ದೀರಾ? ಗಾಳಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಕೊಡೆ ಮಡಿಸಿದರೆ ನಡಿಗೆ ಹಗುರ. ಸೈಕಲ್ ವೇಗವಾಗಿ ಓಡುವಾಗ ನಮ್ಮ ಎದೆಯೇ ಬಿಚ್ಚಿದ ಕೊಡೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಮೊಣಕೈಗಳನ್ನು ಒತ್ತಟ್ಟಿಗೆ ತಂದು ಬಾಗಿದರೆ ಕೊಡೆ ಮಡಿಸಿದಂತೆ. ಹಿಮದ ಮೇಲೆ ಜಾರುವ ಆಟಗಾರರೂ ಹೀಗೆಯೇ ಮುದುಡಿಕೊಳ್ಳುತ್ತಾರೆ. ಆ ಹ್ಯಾಂಡಲನ್ನು ರೂಪಿಸಿದ ಬೂನ್ ಲೆನನ್ ಅವರು ಹಿಮಜಾರಾಟದ ತರಬೇತುದಾರರೇ ಆಗಿದ್ದರು.

ಇದೊಂದೂ ತಿಳಿಯದ ನಾನು ಆ ಕಾಗದ ಹಿಡಿದು ಸೈಕಲ್ ಅಂಗಡಿಗೆ ಓಡಿದೆ.

"ಮಾವ, ಸೀಟು ಪೂರ್ತಿ ಎತ್ತಿಕೊಡಿ" ಎಂದೆ.

"ಕಾಲು ಎಟುಕುವುದಿಲ್ಲವಲ್ಲಪ್ಪಾ?"

"ಎಟುಕುತ್ತದೆ ಮಾವ."

ನಾನು ಹೇಳಿದ್ದು ಸುಳ್ಳು. ಹ್ಯಾಂಡಲಿಗೆ ಅಪ್ಪನ ಹಳೆಯ ಟವೆಲ್ ಸುತ್ತಿದೆ. ಮರುದಿನ ಬೆಳಿಗ್ಗೆ ಚಾಮರಾಜನಗರದ ಕಡೆಯ ರಸ್ತೆಗೆ ಹೊರಟೆ. ಟವೆಲ್ಲಿನ ಮೇಲೆ ಮೊಣಕೈ ಊರಿ, ತಲೆ ತಗ್ಗಿಸಿ ತುಳಿದೆ. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಕಿವಿಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಕಣ್ಣಿಗೆ ಮುಂದಿನ ಚಕ್ರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒಮ್ಮೆಲೇ ಯಾರೋ ಕೂಗಿದರು. ತಲೆ ಎತ್ತಿ ನೋಡಿದೆ. ಮುಂದೆ ಒಂದು ಲಾರಿ ನಿಂತಿತ್ತು. ಅದರಾಚೆ ಒಂದು ಆನೆ ಮರಿಯೊಂದಿಗೆ ರಸ್ತೆ ದಾಟುತ್ತಿತ್ತು. ಬ್ರೇಕ್ ಹಿಡಿಯಲು ಹೋದೆ. ಕೈಗಳು ಬ್ರೇಕಿನ ಬಳಿ ಇದ್ದರೆ ತಾನೇ? ಗಾಬರಿಯಿಂದ ಕೈ ಕಿತ್ತಾಗ ಹ್ಯಾಂಡಲ್ ತಿರುಗಿತು. ಕಾಲು ಊರೋಣವೆಂದರೆ ನೆಲ ಸಿಗಲಿಲ್ಲ. ಜಲ್ಲಿಯ ಮೇಲೆ ಬಿದ್ದೆ. ಮೊಣಕಾಲು, ಅಂಗೈ ಎರಡೂ ಕಿತ್ತುಹೋದವು. ಲಾರಿಯವರು ಓಡಿಬಂದು ನನ್ನನ್ನು ಎಳೆದುಕೊಂಡರು. ತಾಯಿ ಆನೆ ಒಂದು ಸಲ ಇತ್ತ ತಿರುಗಿ ನಿಂತಿತು. ಆಮೇಲೆ ಮರಿಯ ಹಿಂದೆ ಕಾಡಿಗೆ ಇಳಿಯಿತು. ಆ ಒಂದು ಕ್ಷಣ ನನಗೆ ಇಂದಿಗೂ ನೆನಪಿದೆ.

ಸಂಜೆ ಸೈಕಲ್ ಅಂಗಡಿಯ ಮಾವ ನನ್ನನ್ನು ಬೈಯಲಿಲ್ಲ. ಟವೆಲ್ ಬಿಚ್ಚಿ ಕೈಗೆ ಕೊಟ್ಟರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನನ್ನನ್ನು ಕೂರಿಸಿದರು. "ಪೆಡಲನ್ನು ಪೂರಾ ಕೆಳಗೆ ತಂದು ಹಿಮ್ಮಡಿ ಇಡು" ಎಂದರು. ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗುವಷ್ಟು ಸೀಟು ಇಳಿಸಿದರು. "ಈಗ ಪಾದದ ಮುಂಭಾಗ ಇಡು" ಎಂದರು. ಮೊಣಕಾಲು ಸ್ವಲ್ಪವೇ ಮಡಿಸಿಕೊಂಡಿತು. ಸೀಟು ತಗ್ಗಾದರೆ ಮಂಡಿ ನೋಯುತ್ತದೆ, ಹೆಚ್ಚಾದರೆ ಸೊಂಟ ಅತ್ತಿತ್ತ ಎಳೆಯುತ್ತದೆ ಎಂದು ವಿವರಿಸಿದರು. ಆಮೇಲೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇವನ ಮುಂದೆ ರಸ್ತೆ ಖಾಲಿಯಾಗಿದೆ ನೋಡು. ದನ ಇಲ್ಲ, ಲಾರಿ ಇಲ್ಲ" ಎಂದರು.

ಅವರ ಮಾತು ಎಷ್ಟು ಸರಿ ಎಂದು ನನಗೆ ಅರ್ಥವಾದದ್ದು ವಿಜಯಪುರದಲ್ಲಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಓಟಗಾರರಿಗೆ ಹೆಸರುವಾಸಿ. ಅಲ್ಲಿ ಒಂದು ಟೈಮ್ ಟ್ರಯಲ್ ಸೈಕಲನ್ನು ಹತ್ತಿರದಿಂದ ನೋಡಿದೆ. ಮುಂದಕ್ಕೆ ಚಾಚಿದ ಎರಡು ಕೋಲುಗಳು, ಮೊಣಕೈ ಇಡಲು ಎರಡು ಮೆತ್ತೆಗಳು. ಬ್ರೇಕುಗಳು ಮಾತ್ರ ಪಕ್ಕದ ಹ್ಯಾಂಡಲಿನಲ್ಲಿ ಇದ್ದವು! ಅಲ್ಲಿಯೂ ಬ್ರೇಕ್ ಹಿಡಿಯಬೇಕಾದರೆ ಕೈ ತೆಗೆಯಲೇಬೇಕು. ಆದ್ದರಿಂದಲೇ ಎಲ್ಲರೂ ಗುಂಪಾಗಿ ಓಡುವ ಸ್ಪರ್ಧೆಗಳಲ್ಲಿ ಈ ಹ್ಯಾಂಡಲಿಗೆ ಅನುಮತಿ ಇಲ್ಲ.

ಅದನ್ನು ಹೊಂದಿಸುವ ಕೆಲಸವೂ ಸೀಟಿನಿಂದಲೇ ಆರಂಭವಾಗುತ್ತದೆ. ಬಳಿಕ ಮೆತ್ತೆಗಳು. ಭುಜದ ಭಾರ ಮೊಣಕೈಯ ಮೂಲಕ ನೇರವಾಗಿ ಮೆತ್ತೆಗೆ ಇಳಿಯಬೇಕು. ಹ್ಯಾಂಡಲನ್ನು ಒಮ್ಮೆಗೇ ತಗ್ಗಿಸುವುದಿಲ್ಲ. ಒಂದು ಬೆರಳಿನಷ್ಟು ತಗ್ಗಿಸಿ ಕೆಲವು ದಿನ ಓಡಿಸಿ ನೋಡುತ್ತಾರೆ. ಉಸಿರು ಸರಾಗವಾಗಿ ಆಡುತ್ತದೆಯೇ? ಕತ್ತು ನೋಯದೆ ದಾರಿ ಕಾಣುತ್ತದೆಯೇ? ಆಗದಿದ್ದರೆ ಮತ್ತೆ ಮೇಲೆತ್ತುತ್ತಾರೆ. ಹೆಚ್ಚು ಬಾಗಿದವನೇ ಗೆಲ್ಲುತ್ತಾನೆ ಎಂದೇನೂ ಇಲ್ಲ. ಒಬ್ಬರಿಗೆ ಹೊಂದಿಸಿದ ಸೈಕಲ್ ಇನ್ನೊಬ್ಬರಿಗೆ ಹೊಂದುವುದೂ ಇಲ್ಲ.

ನಮ್ಮ ರಾಜ್ಯದಲ್ಲಿ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಾ ಬಂದಿದೆ. ನನ್ನ ಅಣ್ಣನ ಮಗಳಿಗೂ ಒಂದು ಸಿಕ್ಕಿತು. ಸೈಕಲ್ ಬಂದ ದಿನವೇ, "ಚಿಕ್ಕಪ್ಪ, ಮಂಡಿ ನೋಯುತ್ತದೆ" ಎಂದಳು. ನಾನು ಸ್ಪ್ಯಾನರ್ ಕೊಟ್ಟು, ಹಿಮ್ಮಡಿಯ ಲೆಕ್ಕ ಹೇಳಿದೆ. ತನ್ನ ಸೀಟನ್ನು ತಾನೇ ಎತ್ತಿಕೊಂಡಳು. ಈಗ ಅವಳ ಗೆಳತಿಯರೆಲ್ಲ ಸಾಲಾಗಿ ನಿಂತು ಸೀಟು ಸರಿಮಾಡಿಸಿಕೊಳ್ಳುತ್ತಿದ್ದಾರೆ. ನನ್ನ ಸ್ಪ್ಯಾನರ್ ಇನ್ನೂ ಮನೆಗೆ ಬಂದಿಲ್ಲ.