ಹೊಗೆನಕಲ್ಲಿನ ಹರಿಗೋಲು

ಹೊಸೂರು ಸೀಮೆಯ ನಮಗೆ ಕಡಲು ದೂರ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿನಲ್ಲಿ ಮುಳುಗಿ, ಬಣ್ಣದ ಮೀನುಗಳನ್ನು ಕಂಡುಬಂದವರ ವರ್ಣನೆಯನ್ನು ಕೇಳಿ ಸಂತೋಷಪಡುವುದಷ್ಟೆ ನಮ್ಮ ಪಾಲು. ಆದರೆ ದೆಂಕಣಿಕೋಟೆ, ಅಂಚೆಟ್ಟಿಗಳನ್ನು ದಾಟಿ ಕಾಡುದಾರಿಯಲ್ಲಿ ಇಳಿದರೆ ಕಾವೇರಿಯೇ ಎದುರಾಗುತ್ತಾಳೆ. ಹೊಗೆನಕಲ್ಲು ಇರುವುದು ಧರ್ಮಪುರಿ ಜಿಲ್ಲೆಯಲ್ಲಿ. ಹೆಸರು ಮಾತ್ರ ಅಚ್ಚಗನ್ನಡದ್ದು. ಆಚೆಯ ದಡ ಕರ್ನಾಟಕ. ತಮಿಳರು ಪರಿಸಲು ಎನ್ನುವುದನ್ನು ನಾವು ಹರಿಗೋಲು ಎನ್ನುತ್ತೇವೆ.

ರಜೆ ಬಂತೆಂದರೆ, ಯಾವ ಹರಿಗೋಲನ್ನು ಹತ್ತಬೇಕೆಂದು ಪೋಷಕರು ನಮ್ಮನ್ನು ಕೇಳುವುದುಂಟು. ಉತ್ತರಕ್ಕೆ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಾತೃಶ್ರೀಯವರನ್ನು ಕರೆದುಕೊಂಡು ಹೋಗಿದ್ದೆವು. ಘಟ್ಟದಲ್ಲಿ ಸಾಲು ಉದ್ದವಾಗಿತ್ತು. ಬಂಡೆಯ ಮರೆಯಿಂದ ಹುಡುಗನೊಬ್ಬ ಬಂದು ಅರ್ಧ ಬೆಲೆ ಹೇಳಿದ. ಚೌಕಾಸಿಯಲ್ಲಿ ಗೆದ್ದ ಹೆಮ್ಮೆಯಿಂದ ಏರಿ ಕುಳಿತೆವು. ಅವನು ಇನ್ನೂ ಆರೇಳು ಮಂದಿಯನ್ನು ತುಂಬಿದ. ನೀರಿಗೂ ಅಂಚಿಗೂ ಗೇಣು ಅಂತರ ಉಳಿಯಲಿಲ್ಲ. ಸುಳಿಯೊಂದರಲ್ಲಿ ಹರಿಗೋಲು ಬುಗುರಿಯಂತೆ ತಿರುಗಿ ನೀರು ಒಳನುಗ್ಗಿತು. ತಾಯಿಯವರು ನಮ್ಮ ಮಣಿಕಟ್ಟನ್ನು ಹಿಡಿದ ಹಿಡಿತ ದಡ ಸೇರಿದ ಮೇಲೂ ಸಡಿಲಲಿಲ್ಲ. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆದರೆ ಬದುಕಿರುವವರೆಗೆ ಮತ್ತೆ ಯಾವ ದೋಣಿಯನ್ನೂ ಹತ್ತಲಿಲ್ಲ. ಮಕ್ಕಳಿಗೆ ಲೆಕ್ಕ ಕಲಿಸುವ ನಾವು ಅಂದು ಎಣಿಸಿದ್ದು ರೂಪಾಯಿಗಳನ್ನು, ತಲೆಗಳನ್ನಲ್ಲ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಅದೊಂದು ಬಿದಿರಿನ ಬುಟ್ಟಿ. ಹಿಂದೆ ತೊಗಲು ಹೊದಿಸುತ್ತಿದ್ದರು. ಅನಂತರ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದವು. ಇರುವುದು ಒಂದೇ ಹುಟ್ಟು. ಎದುರುಬದುರಿನ ತೂಕ ಸಮವಾದರಷ್ಟೆ ಅದು ನೆಟ್ಟಗಿರುತ್ತದೆ. ಆದುದರಿಂದ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂದು ಹೇಳದೆ ಜನರನ್ನು ತುಂಬುವ ಅಂಬಿಗನನ್ನು ಕಂಡರೆ ಇಳಿದುಬಿಡುವುದು ಲೇಸು. ಗದರಿಸಿ ಕೂರಿಸುವವನೇ ಒಳ್ಳೆಯವನು. ಜೀವರಕ್ಷಕ ಅಂಗಿಯನ್ನು ತೊಟ್ಟರೆ ಸಾಲದು, ಅದರ ಪಟ್ಟಿಯನ್ನೂ ಬಿಗಿಯಬೇಕು. ಫೋಟೋಕ್ಕಾಗಿ ಎದ್ದು ನಿಲ್ಲುವವರ ಜೊತೆ ನಾವಂತೂ ಕುಳಿತುಕೊಳ್ಳೆವು.

ಅದಕ್ಕೂ ಮೊದಲು ನದಿಯನ್ನು ವಿಚಾರಿಸಬೇಕು. ಮೇಲಿನ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ಹರಿವನ್ನು ಅಳೆಯುತ್ತಾರೆ. 2018ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ತಮಿಳುನಾಡಿಗೆ ಹೇಳಿದ 177.25 ಟಿಎಂಸಿ ಅಡಿ ನೀರಿನ ಲೆಕ್ಕವೂ ಅಲ್ಲಿಯದೇ. ಬೇರೆಯವರು ಆ ಅಂಕಿಗಳನ್ನು ವ್ಯಾಜ್ಯಕ್ಕಾಗಿ ಓದಿದರೆ ನಾವು ಹರಿಗೋಲಿಗಾಗಿ ಓದುತ್ತೇವೆ. ಕೃಷ್ಣರಾಜಸಾಗರ, ಕಬಿನಿಗಳಿಂದ ಹೆಚ್ಚುವರಿ ನೀರು ಬಿಟ್ಟಾಗ ಇಲ್ಲಿ ಸವಾರಿಯನ್ನೂ ಸ್ನಾನವನ್ನೂ ನಿಷೇಧಿಸುತ್ತಾರೆ. ಮಳೆಗಾಲದಲ್ಲಿ ಇದು ಮೇಲಿಂದ ಮೇಲೆ ಆಗುವಂಥದು.

ಕಳೆದ ಸಲ ಶಾಲೆಯ ಮಕ್ಕಳೊಡನೆ ಹೋದಾಗಲೂ ಹಾಗೆಯೇ ಆಯಿತು. ನಿಷೇಧವಿದ್ದರೂ ಒಬ್ಬಾತ ಹತ್ತಿರ ಬಂದು ಮೆಲ್ಲನೆ ಅರ್ಧ ಬೆಲೆ ಹೇಳಿದ. ಮಕ್ಕಳೆಲ್ಲ ನಮ್ಮ ಮುಖ ನೋಡಿದರು. ಬೇಡವೆಂದೆವು. ಮೀನು ಹುರಿಯುವ ಹೆಂಗಸರ ಬಳಿ ಕಿವಿರು ಕೆಂಪಗಿದ್ದ ಮೀನನ್ನು ಆರಿಸಿಕೊಟ್ಟು ಸಮಾಧಾನಪಡಿಸಲು ನೋಡಿದೆವು (ನಾವು ತಿನ್ನುವವರಲ್ಲ, ಆರಿಸಬಲ್ಲೆವು). ಆದರೂ ಇಬ್ಬರು ಹುಡುಗಿಯರು ಅಂಚೆಟ್ಟಿಯವರೆಗೆ ನಮ್ಮೊಡನೆ ಮಾತನಾಡಲಿಲ್ಲ. ನೀರು ಇಳಿದ ಮೇಲೆ, ಡಿಸೆಂಬರಿನಲ್ಲಿ ಮತ್ತೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದೇವೆ. ಪೋಷಕರು ಒಪ್ಪಿಗೆ ಪತ್ರಗಳನ್ನು ಬೇಗನೆ ಕಳುಹಿಸಬೇಕು.